ಗುಂಡಿಗೆಯ ಚಿತ್ರ ಯಾರ ಲಾಭಕ್ಕೆ?

2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ, ಗಾಬರಿಗೊಂಡ ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸರಕಾರ ನೇಮಿಸಿದ ತಜ್ಞರ ಸಮಿತಿ ವರದಿ ಕೊಟ್ಟಿತು. ಅಲ್ಲಿಗೆ ಸರಕಾರದ ಕರ್ತವ್ಯ ಮುಗಿಯಿತು. ಆದರೆ ಜನರ ಭಯ ಮುಗಿಯಲಿಲ್ಲ. ಭಯವಿದ್ದಲ್ಲಿ ಅಂಗಡಿ ತೆರೆಯುವುದು ಬಂಡವಾಳದ ಹುಟ್ಟುಗುಣ. ಹೃದಯದ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಇಂದು ಆ ಅಂಗಡಿಯ ಹೊಸ ಸರಕು.

ನಾವು ಯಂತ್ರದ ವಿರೋಧಿಗಳಲ್ಲ. ಸ್ಕಾಟ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಎದೆನೋವೆಂದು ಬಂದ 4,146 ಜನರನ್ನು ಕುರಿತ ಅಧ್ಯಯನದ ಐದು ವರ್ಷಗಳ ಫಲ 2018ರಲ್ಲಿ ಪ್ರಕಟವಾಯಿತು. ರೂಢಿಯ ತಪಾಸಣೆ ಮಾತ್ರ ಪಡೆದವರಲ್ಲಿ ನೂರಕ್ಕೆ 3.9 ಮಂದಿ ಹೃದಯಾಘಾತಕ್ಕೆ ಈಡಾದರು ಅಥವಾ ಹೃದ್ರೋಗದಿಂದ ಸತ್ತರು. ಅದರೊಡನೆ ಈ ಸ್ಕ್ಯಾನೂ ಆದವರಲ್ಲಿ 2.3 ಮಂದಿ. ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಸ್ಟೆಂಟು, ಶಸ್ತ್ರಚಿಕಿತ್ಸೆಗಳು ಐದು ವರ್ಷಗಳ ಲೆಕ್ಕದಲ್ಲಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಮೆ ಸಮವೇ ಇದ್ದವು. ಹೆಚ್ಚಿದ್ದು, ರೋಗ ಕಂಡವರಿಗೆ ಸಕಾಲದಲ್ಲಿ ಕೊಟ್ಟ ಮಾತ್ರೆಗಳು!

ಆದರೆ ಯಂತ್ರ ತಾನಾಗಿ ಸತ್ಯ ನುಡಿಯುವುದಿಲ್ಲ. ಸದಾ ಮಿಡಿಯುವ ಗುಂಡಿಗೆಯ ಮೇಲಿನ, ಕೆಲವೇ ಮಿಲಿಮೀಟರ್ ಅಗಲದ ನಾಳಗಳ ಚಿತ್ರ ತೆಗೆಯಬೇಕು. ಅದಕ್ಕಾಗಿ ಔಷಧ ಕೊಟ್ಟು ನಾಡಿಯನ್ನು ನಿಮಿಷಕ್ಕೆ ಸುಮಾರು 60ಕ್ಕೆ ಇಳಿಸಬೇಕು. ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಟ್ಟು ನಾಳ ಹಿಗ್ಗಿಸಬೇಕು. ಅಯೋಡಿನ್ ಇರುವ ದ್ರವ ಚುಚ್ಚುವ ಮುನ್ನ ಮೂತ್ರಪಿಂಡ, ಅಲರ್ಜಿಗಳನ್ನು ವಿಚಾರಿಸಬೇಕು. ಉಸಿರು ಬಿಗಿಹಿಡಿಯುವುದನ್ನು ರೋಗಿಗೆ ಕಲಿಸಬೇಕು. ಅವಸರದ ಅಂಗಡಿಯಲ್ಲಿ ಇದಕ್ಕೆಲ್ಲ ಪುರಸೊತ್ತೆಲ್ಲಿ? ನಾಡಿ ಓಡಿದರೆ ಚಿತ್ರ ಮಸುಕಾಗುತ್ತದೆ. ಮಸುಕು ಅಡ್ಡಿಯಂತೆ ಕಾಣಬಹುದು. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅಡ್ಡಿಯು ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಇದನ್ನು ಲೆಕ್ಕಿಸದೆ ಗೀಚಿದ ಒಂದು ಸಾಲಿನ ವರದಿ ಸಾಕು, ರೈತನ ಹೊಲ ಒತ್ತೆಗೆ ಹೋಗಲು!

ನಮ್ಮಲ್ಲಿ ನಡೆಯುತ್ತಿರುವುದೇನು? ಎದೆನೋವೂ ಇಲ್ಲದ, ಅಪಾಯವೂ ಕಡಮೆಯಿರುವ ಉಳ್ಳವನಿಗೆ ಪ್ಯಾಕೇಜಿನ ಸ್ಕ್ಯಾನು. ಮೂಟೆ ಹೊತ್ತು ನಾಲ್ಕು ಮೆಟ್ಟಿಲೇರಿದರೆ ಎದೆ ಹಿಡಿದುಕೊಳ್ಳುವ ಹಮಾಲನಿಗೆ ಗ್ಯಾಸ್ಟ್ರಿಕ್ ಮಾತ್ರೆ. ಯಾರಿಗೆ ಬೇಕೋ ಅವರಿಗಿಲ್ಲ, ಯಾರಿಗೆ ಬೇಡವೋ ಅವರಿಗುಂಟು. ಇದು ವೈದ್ಯವೋ, ವ್ಯಾಪಾರವೋ?

ಹಣವಿಲ್ಲ, ತಜ್ಞರಿಲ್ಲ, ಖಾಸಗಿಯವರ ದರ ನಮ್ಮ ಕೈಯಲ್ಲಿಲ್ಲ ಎಂದು ಆಳುವವರು ರಾಗ ಎಳೆಯಬಹುದು. 2017ರಲ್ಲಿ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಲು ಕೇಂದ್ರಕ್ಕೆ ಸಾಧ್ಯವಾಯಿತು. 2021ರ ಕೋವಿಡ್ ಕಾಲದಲ್ಲಿ ಎದೆಯ ಸ್ಕ್ಯಾನಿಗೆ ದರ ಗೊತ್ತುಮಾಡಲು ರಾಜ್ಯಕ್ಕೆ ಸಾಧ್ಯವಾಯಿತು. ಇಲ್ಲಿ ತೆಗೆದ ಚಿತ್ರವನ್ನು ಬೆಂಗಳೂರಿನ ತಜ್ಞರು ಕುಳಿತಲ್ಲೇ ಓದಬಹುದಾದ ಈ ಕಾಲದಲ್ಲಿ ತಜ್ಞರಿಲ್ಲವೆಂಬುದು ಬರಿಯ ನೆಪ.

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ 64 ಸ್ಲೈಸಿಗೆ ಕಡಮೆಯಿಲ್ಲದ ಯಂತ್ರ, ತರಬೇತಿ ಪಡೆದ ತಂತ್ರಜ್ಞ, ವರದಿಗೆ ಹೊಣೆ ಹೊರುವ ತಜ್ಞ ಇರಬೇಕು. ವೈದ್ಯರು ಅಗತ್ಯವೆಂದ ಎದೆನೋವಿನ ರೋಗಿಗೆ ಸ್ಕ್ಯಾನು ಪುಕ್ಕಟೆಯಾಗಬೇಕು. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ನಿಷೇಧಿಸಿವೆ. ಅವನ್ನು ಕಾಗದದಿಂದ ಜಾರಿಗೆ ತರಬೇಕು.

ನಾವು ದಾನ ಕೇಳುತ್ತಿಲ್ಲ. ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆರುವ ಜನ ತಮ್ಮದನ್ನೇ ಕೇಳುತ್ತಿದ್ದಾರೆ. ಹಮಾಲನ ಗುಂಡಿಗೆಯೂ ಗುಂಡಿಗೆಯೇ!