ಡಬ್ಬಿಯ ಪುಡಿಯೂ ಮಂಡಿಯ ನೋವೂ



ಕಳೆದ ಸಂಬಳದ ವಾರ ನಮ್ಮ ನೀಲಗಿರಿಯ ತೋಟವೊಂದರ ಲೈನಿಗೆ ಹೋಗಿದ್ದೆವು. ಇಪ್ಪತ್ತೆಂಟು ವರ್ಷ ಚಹಾ ಎಲೆ ಕಿತ್ತ ಅಕ್ಕ ಒಬ್ಬರು ಕಂತಿನ ಮೇಲೆ ಕೊಂಡ ಡಬ್ಬಿಯನ್ನು ತಂದು ತೋರಿಸಿದರು. "ಉಪದೇಶಿಯವರೇ, ಇದನ್ನು ಕುಡಿದರೆ ಮಂಡಿ ನೋವು ಹೋಗುತ್ತದಂತೆ, ಮುಖದ ಸುಕ್ಕೂ ಹೋಗುತ್ತದಂತೆ. ನಿಜವೇ?" ಎಂದು ಕೇಳಿದರು. ಡಬ್ಬಿಯ ಮೇಲೆ ಕೊಲಾಜೆನ್ ಎಂದಿತ್ತು. ತೂಕ 250 ಗ್ರಾಂ, ಬೆಲೆ 1,200 ರೂಪಾಯಿ. ಅಂದು ಆ ಮನೆಯಲ್ಲಿ ಊಟಕ್ಕೆ ಅನ್ನ, ನೀರು ಸಾರು.

ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುವುದು ಒಳ್ಳೆಯದೆಂದು ತೋರಿತು.

ಕೊಲಾಜೆನ್ ಎಂಬುದು ಕಟ್ಟುಕತೆಯಲ್ಲ. ನಮ್ಮ ಚರ್ಮ, ಮೂಳೆ, ಕೀಲು, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ನಾರು, ಇವೆಲ್ಲವನ್ನೂ ಹಿಡಿದು ನಿಲ್ಲಿಸುವ ಪ್ರೋಟೀನು ಅದು. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅದೇ. ಪ್ರಾಯ ಕಳೆದಂತೆ ದೇಹ ಅದನ್ನು ತಯಾರಿಸುವುದು ಕಡಿಮೆಯಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಚರ್ಮವೂ ಮೂಳೆಯೂ ಬೇಗ ಬೇಗ ಸೊರಗುತ್ತವೆ. ಆದುದರಿಂದ ಅಕ್ಕನ ನೋವು ಸುಳ್ಳಲ್ಲ, ಅವರ ಆಸೆಯೂ ತಪ್ಪಲ್ಲ.

ಆದರೆ ಡಬ್ಬಿಯೊಳಗೆ ಇರುವುದೇನು? ದನದ ಚರ್ಮ, ಮೂಳೆ, ಇಲ್ಲವೇ ಮೀನಿನ ಚರ್ಮ ಮತ್ತು ಹುರುಪೆಯಿಂದ ತೆಗೆದ ಪುಡಿ. ಕಾಲು ಸೂಪು ಆರಿದ ಮೇಲೆ ಅಂಟಂಟಾಗಿ ಗಟ್ಟಿಯಾಗುತ್ತದಲ್ಲವೇ? ಆ ಅಂಟು ಇದರ ಒಡಹುಟ್ಟು. ನಾವು ನುಂಗಿದ ಕೊಲಾಜೆನ್ ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ಅದು ಚೂರು ಚೂರಾಗುತ್ತದೆ; ಆ ಚೂರುಗಳನ್ನು ಎಲ್ಲಿ ಬಳಸಬೇಕೆಂದು ದೇಹವೇ ತೀರ್ಮಾನಿಸುತ್ತದೆ. ಅಲ್ಲದೆ ಇದು ಪೂರ್ಣ ಪ್ರೋಟೀನೂ ಅಲ್ಲ. ದೇಹ ತಾನೇ ತಯಾರಿಸಲಾರದ ಟ್ರಿಪ್ಟೋಫಾನ್ ಎಂಬ ಅಂಶ ಇದರಲ್ಲಿಲ್ಲ.

ಇದರಿಂದ ಚರ್ಮಕ್ಕೂ ಕೀಲಿಗೂ ಸ್ವಲ್ಪ ಗುಣವಾಯಿತೆಂದು ಹೇಳುವ ಪ್ರಯೋಗಗಳು ಉಂಟು. ಆದರೆ ಚರ್ಮದ ಬಗ್ಗೆ ನಡೆದ 23 ಪ್ರಯೋಗಗಳನ್ನು 2025ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ ಒಂದು ಸಂಗತಿ ಹೊರಬಿತ್ತು. ಕಂಪನಿಗಳ ಹಣ ಪಡೆಯದೆ ನಡೆಸಿದ ಪ್ರಯೋಗಗಳಲ್ಲಿ ಆ ಗುಣ ಕಾಣಲಿಲ್ಲ. ಇಂಥ ಡಬ್ಬಿಗಳ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಅಚ್ಚು ಹಾಕಬೇಕೆಂಬ ನಿಯಮವೂ ಇದೆ. ಮಾರುವವರು ಆ ಸಾಲನ್ನು ನಮಗೆ ಓದಿ ಹೇಳುವುದಿಲ್ಲ.

ಈಗ ಲೆಕ್ಕ ನೋಡೋಣ. ಡಬ್ಬಿಯಲ್ಲಿರುವ ಪ್ರೋಟೀನು ಹೆಚ್ಚೆಂದರೆ 250 ಗ್ರಾಂ. ಮೊಟ್ಟೆಗೆ 8 ರೂಪಾಯಿ ಎಂದು ಹಿಡಿದರೆ ಅದೇ 1,200 ರೂಪಾಯಿಗೆ 150 ಮೊಟ್ಟೆ. ಒಂದಕ್ಕೆ 6 ಗ್ರಾಂನಂತೆ 900 ಗ್ರಾಂ ಪ್ರೋಟೀನು. ಹುರುಳಿ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ 12 ಕಿಲೋ. ಅದರಲ್ಲಿ ಎರಡೂವರೆ ಕಿಲೋ ಪ್ರೋಟೀನು! ದೇಹ ಕೊಲಾಜೆನ್ ಕಟ್ಟಲು ಸಿ ಜೀವಸತ್ವವೂ ಬೇಕೇ ಬೇಕು. ಅದು ನೆಲ್ಲಿಕಾಯಿಯಲ್ಲೂ ಸೀಬೆಹಣ್ಣಿನಲ್ಲೂ ಧಾರಾಳವಾಗಿದೆ. ಮೂಳೆಗೆ ಬೇಕಾದ ಸುಣ್ಣದ ಅಂಶ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಹತ್ತನೆಯ ಪಾಲೂ ಇಲ್ಲ. 2023ರಲ್ಲಿ ನೀಲಗಿರಿಯ ಪಡಿತರ ಅಂಗಡಿಗಳಲ್ಲಿ ಅಕ್ಕಿಗೆ ಬದಲಾಗಿ 2 ಕಿಲೋ ರಾಗಿ ಕೊಡುವ ಏರ್ಪಾಡು ಆರಂಭವಾದಾಗ, ನಮ್ಮಲ್ಲೇ ಎಷ್ಟು ಮಂದಿ ಮುಖ ಸಿಂಡರಿಸಿದೆವು! ರಾಗಿ ಮುದ್ದೆ ತಿಂದು ಘಟ್ಟ ಹತ್ತಿ ಬಂದವರ ಮಕ್ಕಳು ನಾವು.

ವಯಸ್ಸಾದಂತೆ ಊಟ ಕಡಿಮೆ ಸಾಕೆಂಬ ಮಾತು ನಮ್ಮಲ್ಲಿದೆ. ಅನ್ನದ ಮಟ್ಟಿಗೆ ಅದು ಸರಿಯಿರಬಹುದು, ಪ್ರೋಟೀನಿನ ಮಟ್ಟಿಗೆ ತಪ್ಪು. ಸಾಮಾನ್ಯ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿತು. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ ತಜ್ಞರು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಮೊಟ್ಟೆ ಗಂಡಸರ ತಟ್ಟೆಗೆ, ಮೀನಿನ ತುಂಡು ಮಕ್ಕಳಿಗೆ, ಉಳಿದ ಸಾರು ಅವ್ವನಿಗೆ. ಅವ್ವನ ಮಂಡಿ ಹೋಯಿತೆಂದು ಆಮೇಲೆ ಡಬ್ಬಿ ತರುತ್ತೇವೆ. ಇದನ್ನು ಗಂಡಸರಾದ ನಾವು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಇನ್ನೊಂದು ಮಾತು. ಮಂಡಿ ಸವೆದದ್ದು ವಯಸ್ಸಿನಿಂದ ಮಾತ್ರವಲ್ಲ. ಇಳಿಜಾರಿನಲ್ಲಿ ಹೊರೆ ಹೊತ್ತು ಹತ್ತಿಳಿದದ್ದೂ ಅದಕ್ಕೆ ಕಾರಣ. ಕೆಲಸದಲ್ಲಿ ಸವೆದ ದೇಹದ ಖರ್ಚನ್ನು ಕಾರ್ಮಿಕಳು ತನ್ನ ಕೂಲಿಯಿಂದಲೇ ತುಂಬುವುದು ಯಾವ ನ್ಯಾಯ? 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕರ ಹೊಣೆ ಎಂದು ಕೇಂದ್ರ ಸರ್ಕಾರವೇ ಸಾರಿತು. ಆ ಸಂಹಿತೆಗಳ ಬಗ್ಗೆ ಸಂಘಗಳಿಗೆ ಬೇರೆ ತಕರಾರುಗಳಿವೆ, ಅವು ಇರಲಿ. ಕೊಟ್ಟ ಮಾತನ್ನು ಕೇಳಿ ಪಡೆಯಲು ನಾವು ಹಿಂಜರಿಯಬಾರದು.

ಆದುದರಿಂದ ನಮ್ಮ ಬಿನ್ನಹ ಇಷ್ಟೇ. ಕಂತಿಗೆ ಸಹಿ ಹಾಕುವ ಮುನ್ನ ಒಂದು ವಾರ ತಡೆಯಿರಿ. ಆ ಹಣದಲ್ಲಿ ಹುರುಳಿ, ಮೊಟ್ಟೆ, ರಾಗಿ ತನ್ನಿ. ಅವ್ವನಿಗೆ ಮೊದಲು ಬಡಿಸಿ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ, 40 ದಾಟಿದವರೆಲ್ಲರ ಹೆಸರನ್ನು ಲೈನುವಾರು ಬರೆದು ತನ್ನಿ. ತಪಾಸಣೆಯ ಅರ್ಜಿಯನ್ನು ಒಟ್ಟಾಗಿ ಬರೆಯೋಣ. ಆ ಅಕ್ಕನ ಹೆಸರನ್ನು ಈಗಾಗಲೇ ಮೊದಲ ಸಾಲಿನಲ್ಲಿ ಬರೆದಿದ್ದೇವೆ.