ಮುಚ್ಚಿದ ಬಾಗಿಲ ಹಿಂದಿನ ಸಂಸತ್ತು
ಸಂಸತ್ತೆಂದರೆ ಟಿವಿಯಲ್ಲಿ ಕಾಣುವ ಗದ್ದಲವಷ್ಟೇ ಎಂದುಕೊಂಡವರಿಗೆ 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯ ಕಥೆ ಹೇಳಬೇಕು. ಆ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಸೀದಾ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಇಂಥ ಸಮಿತಿಯ ಕೋಣೆಯಲ್ಲಿ ಕ್ಯಾಮೆರಾ ಇರುವುದಿಲ್ಲ. ಬಹುಶಃ ಅದಕ್ಕೇ ಅಲ್ಲಿ ಘೋಷಣೆಗಳೂ ಕಡಿಮೆ. ಅಧಿಕಾರಿಗಳು, ಕಂಪನಿಗಳವರು, ತಜ್ಞರು ಬಂದು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆಮೇಲೆ ಶುರುವಾಗುವುದೇ ಖಂಡವಾರು ಪರಿಶೀಲನೆ, ಅಂದರೆ ಮಸೂದೆಯ ಒಂದೊಂದು ಖಂಡವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸೋಸುವ ಕೆಲಸ. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆಯಬಹುದು. ಸರ್ಕಾರಿ ಸಂಸ್ಥೆಗಳಿಗೆ ಕಾನೂನಿನಿಂದ ವಿನಾಯಿತಿ ಕೊಡುವ ಅಧಿಕಾರದ ಬಗ್ಗೆ ಸಮಿತಿಯಲ್ಲಿದ್ದ ಕಾಂಗ್ರೆಸ್ ಸಂಸದ ಜೈರಾಮ್ ರಮೇಶ್ ಸೇರಿದಂತೆ ಹಲವರು ಬರೆದರು ಕೂಡ. ನನಗೆ ವರದಿಗಿಂತ ಈ ಟಿಪ್ಪಣಿಗಳೇ ರುಚಿ. ಎರಡು ವರ್ಷ ಕಳೆದು, 2021ರ ಡಿಸೆಂಬರ್‌ನಲ್ಲಿ ವರದಿ ಬಂತು: 81 ತಿದ್ದುಪಡಿಗಳ ಸಲಹೆ! ಇಷ್ಟೊಂದು ತಿದ್ದುಪಡಿಗಳನ್ನೇ ಕಾರಣವಾಗಿ ಹೇಳಿ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಸೂದೆಯನ್ನೇ ಹಿಂಪಡೆಯಿತು. ಮರುವರ್ಷ ಹೊಸ ಮಸೂದೆ ಬಂತಲ್ಲ, ಅದು ಯಾವ ಜಂಟಿ ಸಮಿತಿಯ ಹೊಸ್ತಿಲನ್ನೂ ತುಳಿಯಲಿಲ್ಲ. ಆಗಸ್ಟ್ 3ಕ್ಕೆ ಮಂಡನೆ, 7ಕ್ಕೆ ಲೋಕಸಭೆಯ ಒಪ್ಪಿಗೆ, 9ಕ್ಕೆ ರಾಜ್ಯಸಭೆಯದು. ಸಮಿತಿಯ ಶಿಫಾರಸು ಸಲಹೆ ಮಾತ್ರ, ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಕೋಟ್ಯಂತರ ಜನರ ಮೊಬೈಲಿನೊಳಗಿನ ಗುಟ್ಟುಗಳ ಕಾನೂನಿಗೆ ಒಂದು ವಾರದ ಓದು ಸಾಕೇ ಎಂದು ಆ ಮಳೆಗಾಲದ ಅಧಿವೇಶನದಲ್ಲಿ ಕೇಳಲು ಯಾರಿಗೂ ಹೆಚ್ಚು ವ್ಯವಧಾನವಿರಲಿಲ್ಲ. ಸದನ ಮಣಿಪುರದ ಹಿಂಸಾಚಾರದ ಕುರಿತ ಗದ್ದಲದಲ್ಲಿ ಮುಳುಗಿತ್ತು.