ಸೊಸೆಯ ಗಂಗಾಳ ತುಂಬದೆ ಮೊಮ್ಮಕ್ಕಳು ಬೆಳೆಯುವುದಿಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅತ್ತೆಯರೆ, ಮಾವಂದಿರೆ, ಗಂಡಂದಿರೆ,

ಈ ಕರಪತ್ರ ನಿಮಗೇ. ತಾಯಂದಿರಿಗೆ ಬುದ್ಧಿ ಹೇಳುವವರು ಊರ ತುಂಬ ಇದ್ದಾರೆ, ನಾವು ಬೇರೆ ಬೇಡ.

"ನಮ್ಮ ವಂಶದಾಗ ಎಲ್ಲಾರೂ ಗಿಡ್ಡನ ಅದಾರ್ರಿ" ಎಂಬ ಮಾತನ್ನು ಮೊದಲು ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದು ನೋಡಿತು. ಉಣ್ಣಲು ಕೊರತೆಯಿಲ್ಲದ ಮನೆಗಳಲ್ಲಿ ದಿಲ್ಲಿಯ ಕೂಸೂ ನಾರ್ವೆಯ ಕೂಸೂ ಐದು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಸಮ ಬೆಳೆದವು. ಒಂದು ಮನೆಯ ಮಗು ಗಿಡ್ಡಾದರೆ ವಂಶ ಅನ್ನಬಹುದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಅದೂ ವಂಶವೇ? ಆ ಮಕ್ಕಳೇ ಈಗ ಶಾಲೆಯಲ್ಲಿ ಕೂತಿದ್ದಾರೆ. ಹತ್ತು ತುಂಬಿದ ಮಗು 138 ಸೆಂ.ಮೀ. ಆಸುಪಾಸು ಇರಬೇಕು, 125 ಮುಟ್ಟದಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎಂದೇ ಲೆಕ್ಕ.

ಇದು ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20–24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ತಾನೇ ಬೆಳೆಯಬೇಕಾದ ಹುಡುಗಿ ಬಸುರಿ. ಹುಟ್ಟಿದ ಕೂಸು ನಡೆಯುವಷ್ಟರಲ್ಲಿ ಇನ್ನೊಂದು. ಮನೆಮಂದಿಗೆಲ್ಲ ರೊಟ್ಟಿ ಬಡಿದವಳು ಉಣ್ಣುವುದು ಮಾವ, ಗಂಡ, ಮೈದುನ, ಮಕ್ಕಳು ಕೈ ತೊಳೆದ ಮೇಲೆ. ಆಗ ಬುಟ್ಟಿಯಲ್ಲಿ ಎರಡು ರೊಟ್ಟಿ, ಜತೆಗೆ ಹಸಿಮೆಣಸಿನಕಾಯಿ ಖಾರ. ಹೆಸರುಕಾಳಿನ ಪಲ್ಯದ ಬೋಗುಣಿ ಬರಿದು. ಕಡಲೆ, ಹೆಸರು, ಶೇಂಗಾ ಬೆಳೆದು ಚೀಲಗಟ್ಟಲೆ ಪೇಟೆಗೆ ಹಾಕುವ ಮನೆಗಳಲ್ಲೂ ಇದೇ ಪದ್ಧತಿ!

ಹಾಲಿನ ಕಥೆ ಇನ್ನೂ ವಿಚಿತ್ರ. ಕಟ್ಟಿದ ಎಮ್ಮೆಯ ಹಾಲೆಲ್ಲ ಡೇರಿಗೆ. ಮಗುವಿಗೆ ಬೆಳಿಗ್ಗೆ ಚಹಾ, ಎರಡು ಖಾರಿ. ಆ ಮಗು ಶಾಲೆಗೆ ಹೋಗಿ ಕ್ಷೀರಭಾಗ್ಯದ ಪುಡಿಹಾಲು 150 ಮಿ.ಲೀ. ಕುಡಿದು ಬರುತ್ತದೆ. ಸಾಲದ್ದಕ್ಕೆ ಚಹಾ ಊಟದ ಕಬ್ಬಿಣಾಂಶವನ್ನೂ ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ.

ಬಿಸಿಯೂಟ ಇದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಇದೆ. ಆದರೆ ಮೊದಲ ಐದು ವರ್ಷದ ಬಾಕಿಯನ್ನು ಶಾಲೆಯೊಂದೇ ತೀರಿಸಲಾರದು. ಬೇಸಿಗೆ ರಜೆಯಲ್ಲಂತೂ ಎಲ್ಲ ಮನೆಯ ಮೇಲೆಯೇ.

ಉಣ್ಣಿಸಿದರಷ್ಟೇ ಸಾಲದು. ಕಕ್ಕಸು ಕಟ್ಟಿಸಿ ಅದರಲ್ಲಿ ಕುಳ್ಳು, ಕಟ್ಟಿಗೆ ಒಟ್ಟಿದವರು ಇವತ್ತೇ ಖಾಲಿ ಮಾಡಿ. ಬಯಲಿನ ಹೊಲಸಿನಿಂದ ಭೇದಿ, ಜಂತುಹುಳ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಶಾಲೆಯಲ್ಲಿ ಕೊಡುವ ಹುಳದ ಗುಳಿಗೆಯನ್ನು ತಪ್ಪಿಸಬೇಡಿ.

ಸೊಸೆ, ಮಗಳು ಎಲ್ಲರ ಜತೆಗೇ ಊಟಕ್ಕೆ ಕೂರಲಿ, ಕಾಳಿನ ಪಲ್ಯ ಸಮನಾಗಿ ಬಡಿಸಿ. ಡೇರಿಯ ಕ್ಯಾನಿಗೆ ಸುರಿಯುವ ಮೊದಲು ಮಗುವಿಗೊಂದು, ಬಸುರಿಗೊಂದು ಲೋಟ ತೆಗೆದಿಡಿ. 2017ರಲ್ಲಿ ಶುರುವಾದ ಮಾತೃಪೂರ್ಣದ ಊಟಕ್ಕೆ ಬಸುರಿ, ಬಾಣಂತಿಯರನ್ನು ಕಳಿಸಿ. ಅಂಗನವಾಡಿಯಲ್ಲಿ ಉಂಡರೆ ಮನೆತನದ ಮಾನ ಹೋಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಕೈಯಲ್ಲೇ ಇರಲಿ, ಕಾಳಿಗೋ ಮೊಟ್ಟೆಗೋ ಅವಳೇ ಖರ್ಚು ಮಾಡಲಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಗೊತ್ತಾಗಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.